ಒಂದು ಏಟಿಗೆ ಒಂಬತ್ತು ಸಾಕ್ಷಿಗಳು

ಮಿಕ್ಸ್ ಮಾಡಿಕೊಡಿ ಎಂದು ಈಚೆಗೆ ಕಳುಹಿಸುವ ಸೆಷನ್‌ಗಳನ್ನು, ಎಂದರೆ ಬಿಡಿಬಿಡಿ ಟ್ರ್ಯಾಕುಗಳ ಧ್ವನಿಮುದ್ರಣಗಳನ್ನು, ತೆರೆದವರಿಗೆಲ್ಲ ಕಿಕ್ಕಿನ (ಕಾಲಿನ ಪೆಡಲ್ಲಿನಿಂದ ಬಡಿಯುವ ದೊಡ್ಡ ಡ್ರಮ್ಮಿನ) ಈ ಪಟ್ಟಿ ಬಾಯಿಪಾಠವಾಗಿರುತ್ತದೆ: ಕಿಕ್ ಇನ್, ಕಿಕ್ ಔಟ್, ಕಿಕ್ ಸಬ್, ಕಿಕ್ ಬೀಟರ್, ಕಿಕ್ ಟ್ರಿಗರ್, ಕಿಕ್ ಸ್ಯಾಂಪಲ್ ಒಂದು, ಎರಡು, ಮೂರು, ಎಲ್ಲಕ್ಕೂ ಕೆಳಗೆ ‘ಕಿಕ್ ಫೈನಲ್ ಇದೇ ಬಳಸಿ’. ಹಾಡಿದವರ ಕಂಠಕ್ಕೆ ಒಂದೇ ಟ್ರ್ಯಾಕು, ಪೆಡಲ್ ತುಳಿದ ಬಲಗಾಲಿಗೆ ಒಂಬತ್ತು. ಸಂಗೀತದ ಇತಿಹಾಸದಲ್ಲಿ ಒಂದು ಪಾದಕ್ಕೆ ಇಷ್ಟು ಮರ್ಯಾದೆ ಸಂದದ್ದು ಇದೇ ಮೊದಲಿರಬೇಕು.

ಸಾಕ್ಷಿಗಳನ್ನು ಸುಮ್ಮನೆ ಕರೆಸಿಲ್ಲ ಎಂಬುದನ್ನು ಒಪ್ಪೋಣ. ಡ್ರಮ್ಮಿನ ಒಳಗೆ ಮಲಗಿಸಿದ ಶೂರ್ ಬೀಟಾ 91ಎ ಮೈಕು, ಪೆಡಲ್ಲಿನ ಬಡಿಗೆಯಾದ ಬೀಟರ್ ಬಿದ್ದಾಗಿನ ‘ಟಕ್’ ಹಿಡಿಯುತ್ತದೆ. ಮುಂದಿನ ಹೆಡ್ಡಿನ (ಡ್ರಮ್ಮಿಗೆ ಬಿಗಿದ ಹೊದಿಕೆಯ) ತೂತಿನ ಬಾಯಲ್ಲಿ ನಿಲ್ಲಿಸಿದ ಎಕೆಜಿ ಡಿ112 ‘ಧಂ’ ಎನ್ನುವುದನ್ನು ಹಿಡಿಯುತ್ತದೆ. ಇನ್ನೂ ಆಚೆ, ಕಂಬಳಿಯ ಗುಡಾರದೊಳಗೆ, ನಾಯ್ಮನ್ ಯು47 ಫೆಟ್ ಇಡೀ ಡ್ರಮ್ಮನ್ನು ಗಂಭೀರವಾಗಿ ಆಲಿಸುತ್ತದೆ. ತೊಡಕೆಂದರೆ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್ ಮಾತ್ರ. ಅರ್ಧ ಮೀಟರ್ ಹಿಂದಿರುವ ಮೈಕಿಗೆ ಅದೇ ಏಟು ಸುಮಾರು ಒಂದೂವರೆ ಮಿಲಿಸೆಕೆಂಡ್ ತಡವಾಗಿ ತಲುಪುವುದರಿಂದ, ಎರಡನ್ನೂ ಸಮನಾಗಿ ಕೂಡಿಸಿದಾಗ 340 ಹರ್ಟ್ಜ್‌ನ ಆಸುಪಾಸಿನಲ್ಲಿ ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಬಿದ್ದು ಎರಡೂ ಅಳಿಸಿಹೋಗುತ್ತವೆ. ಯಾವುದಾದರೂ ಒಂದರ ಪೊಲಾರಿಟಿ (ಉಬ್ಬು-ತಗ್ಗುಗಳ ದಿಕ್ಕು) ತಿರುವುಮುರುವಾಗಿದ್ದರಂತೂ 60 ಹರ್ಟ್ಜ್‌ನ ಆ ‘ಧಂ’ ಕೂಡ ಮಾಯ. ದಪ್ಪಗೆ ಕೇಳಲೆಂದು ಇಟ್ಟ ಮೈಕುಗಳೇ ಕಿಕ್ಕನ್ನು ಸಣಕಲಾಗಿಸಿದಾಗ ಒಂದು ಮೈಕನ್ನು ತೆಗೆದು ನೋಡೋಣ ಎಂದು ಯಾರಿಗೂ ತೋಚುವುದಿಲ್ಲ, ಇನ್ನೊಂದನ್ನು ತಂದಿಡುತ್ತಾರೆ.

ಆ ಇನ್ನೊಂದರ ಕಥೆಯನ್ನು ಹೇಳದೆ ಮುಂದೆ ಹೋಗುವುದು ಅನ್ಯಾಯ. ಯಮಾಹಾ ಎನ್‌ಎಸ್-10 ಎಂಬ ಬಿಳಿ ಕೋನಿನ ಸ್ಟುಡಿಯೋ ಸ್ಪೀಕರಿಗೆ ತಗ್ಗಿನ (ಬೇಸ್) ಶಬ್ದ ಕಡಿಮೆ ಎಂಬುದೇ ಖ್ಯಾತಿ. ಯಾರೋ ಪುಣ್ಯಾತ್ಮರು ಅದರ ವೂಫರನ್ನು (ತಗ್ಗಿನ ಶಬ್ದದ ಕೋನನ್ನು) ಕಳಚಿ ಕಿಕ್ಕಿನ ಮುಂದೆ ತೂಗುಹಾಕಿ, ಅದನ್ನೇ ಮೈಕಾಗಿಸಿ ಅದರ ತಂತಿಯಿಂದಲೇ ಸಿಗ್ನಲ್ ಎಳೆದುಕೊಂಡರು. ಬಾಯಿಬಿಡು ಎಂದಾಗ ತಗ್ಗಿನ ಶಬ್ದವನ್ನು ಕೊಡಲೊಲ್ಲದಿದ್ದ ಆ ಸ್ಪೀಕರು, ಕಿವಿಗೊಡು ಎಂದಾಗ ಹೆಚ್ಚುಕಡಿಮೆ ಬೇರೇನನ್ನೂ ಕೇಳಿಸಿಕೊಳ್ಳಲೊಲ್ಲದು! ಮುಂದೆ ಯಮಾಹಾದವರೇ ಒಂದು ಸ್ಪೀಕರನ್ನು ಪುಟ್ಟ ಡ್ರಮ್ಮಿನ ಚಿಪ್ಪಿನೊಳಗೆ ಕೂರಿಸಿ, ಸ್ಟ್ಯಾಂಡು ಕೊಟ್ಟು, ‘ಸಬ್‌ಕಿಕ್’ ಎಂದು ಮಾರಿದರು. ಡ್ರಮ್ಮಿನ ಮಾತನ್ನು ಕೇಳಲು ಡ್ರಮ್ಮನ್ನೇ ಎದುರು ಕೂರಿಸುವ ಈ ನ್ಯಾಯಬುದ್ಧಿಗೆ ಕೈಮುಗಿಯಬೇಕು.

ಇಷ್ಟು ಮಂದಿಯ ಹೇಳಿಕೆ ದಾಖಲಾದ ಮೇಲೆ, ಘಟನಾ ಸ್ಥಳದಲ್ಲಿ ಇರದೇ ಇದ್ದವನ ಹೇಳಿಕೆಯನ್ನೇ ತೀರ್ಪಿಗೆ ಆಧಾರ ಮಾಡಿಕೊಳ್ಳಲಾಗುತ್ತದೆ. ಬೇರಾವುದೋ ಕೋಣೆಯಲ್ಲಿ, ಬೇರಾರೋ, ಬೇರೊಂದು ಡ್ರಮ್ಮಿನ ಮೇಲೆ ಎಂದೋ ಹೊಡೆದ ಏಟು ಸ್ಯಾಂಪಲ್ ಆಗಿ ಬಂದು ಕೂರುತ್ತದೆ. ಇದು ಹೊಸ ಚಾಳಿಯೇನಲ್ಲ. 1970ರ ದಶಕದ ಕೊನೆಯಲ್ಲಿ ಎಂಜಿನಿಯರ್ ರೋಜರ್ ನಿಕೋಲ್ಸ್ ಅವರು ಸ್ಟೀಲಿ ಡ್ಯಾನ್ ತಂಡಕ್ಕಾಗಿ ಡ್ರಮ್ಮಿನ ಸ್ಯಾಂಪಲ್ ನುಡಿಸುವ ವೆಂಡೆಲ್ ಎಂಬ ಯಂತ್ರವನ್ನೇ ಕಟ್ಟಿದ್ದರು. ತಂಡದ ಆಲ್ಬಂ ಮಾರಾಟದಲ್ಲಿ ಪ್ಲಾಟಿನಮ್ ಮುಟ್ಟಿದಾಗ ಆ ಯಂತ್ರದ ಹೆಸರಿಗೂ ಒಂದು ಪ್ಲಾಟಿನಮ್ ಫಲಕ ಸಂದಿತು. ಅಂದಿನವರು ಯಂತ್ರಕ್ಕೆ ಸಲ್ಲಬೇಕಾದ್ದನ್ನು ಬಹಿರಂಗವಾಗಿಯೇ ಸಲ್ಲಿಸಿದ್ದರು. ಈಗ ಕೇಳಿ ನೋಡಿ, ‘ಬದಲಿಸಿಲ್ಲ ಸಾರ್, ಸ್ವಲ್ಪ ಬೆರೆಸಿದ್ದೇವೆ ಅಷ್ಟೆ’ ಎನ್ನುತ್ತಾರೆ. ಸ್ಯಾಂಪಲ್ಲಿನ ಫೇಡರು (ಸದ್ದಿನ ಮಟ್ಟ ಏರಿಸಿಳಿಸುವ ಹಿಡಿ) ಸೊನ್ನೆಯಲ್ಲಿ, ನಿಜವಾದ ಕಿಕ್ಕಿನದು ಮೈನಸ್ 18 ಡೆಸಿಬೆಲ್‌ನಲ್ಲಿ. ಎಂದರೆ ಅಲೆಯ ಎತ್ತರದಲ್ಲಿ ಎಂಟನೆಯ ಒಂದು ಪಾಲು. ಆ ಎಂಟನೆಯ ಪಾಲಿಗೆ ಇಟ್ಟ ಹೆಸರು ‘ಸಹಜತೆ’.

ಬೆರೆಸುವ ಕೆಲಸದ ಶ್ರದ್ಧೆಯನ್ನೂ ಹೊಗಳಬೇಕು. ತೆರೆಯ ಮೇಲೆ ಅಲೆಯನ್ನು ಹಿಗ್ಗಿಸಿ ಹಿಗ್ಗಿಸಿ, ಸ್ಯಾಂಪಲ್ಲಿನ ಮೊದಲ ಉಬ್ಬು ಮೇಲಕ್ಕೆ ಹೋಗುತ್ತಿದೆಯೋ ಕೆಳಕ್ಕೋ ಎಂದು ನೋಡಿ, ಮಿಲಿಸೆಕೆಂಡಿನ ಐವತ್ತನೆಯ ಒಂದು ಭಾಗದಷ್ಟು ಅದನ್ನು ಅತ್ತಿತ್ತ ಸರಿಸುತ್ತಾ ಕೂರುತ್ತಾರೆ. ಅಷ್ಟರಲ್ಲಿ, ಏಟು ಕಂಡಲ್ಲೆಲ್ಲ ಸ್ಯಾಂಪಲ್ ಕೂರಿಸುವ ಟ್ರಿಗರ್ ಪ್ಲಗಿನ್ ತನ್ನ ಕೆಲಸ ಮುಗಿಸಿರುತ್ತದೆ: ಮೆಲ್ಲನೆ ತುಳಿದ ಏಟುಗಳನ್ನು ಏಟೇ ಅಲ್ಲವೆಂದು ಬಿಟ್ಟಿರುತ್ತದೆ, ಕಿಕ್ಕಿನ ಮೈಕಿಗೆ ನುಸುಳಿದ, ಪಕ್ಕದ ಸ್ನೇರ್ ಡ್ರಮ್ಮಿನ ಸದ್ದನ್ನು ಕಿಕ್ಕೆಂದು ನಂಬಿ ಅಲ್ಲೊಂದು ಹೊಸ ಏಟು ಹಾಕಿರುತ್ತದೆ.

ನುಸುಳಿದ ಸದ್ದಿನಿಂದ ಟೇಕು ಕೆಟ್ಟು, ಮತ್ತೆ ನುಡಿಸಲು ಡ್ರಮ್ಮರ್ ಸಿಗದಿದ್ದಾಗ ಸ್ಯಾಂಪಲ್ ಕೈಹಿಡಿಯುತ್ತದೆ, ಅದಕ್ಕೆ ತಕರಾರಿಲ್ಲ. ಆದರೆ ಇಲ್ಲಿ ಟೇಕು ಚೆನ್ನಾಗಿಯೇ ಇತ್ತು. ಪಲ್ಲವಿಗೆ ಬರುವ ಮುನ್ನ ಆತ ಬೇಕೆಂದೇ ಕಾಲನ್ನು ಹಗುರ ಮಾಡಿದ್ದ, ಪಲ್ಲವಿಯಲ್ಲಿ ಬೇಕೆಂದೇ ಬಲವಾಗಿ ಇಳಿದಿದ್ದ. ಆ ಏರಿಳಿತವನ್ನು ಕಲಿಯಲು ವರ್ಷಗಳು ಬೇಕು. ಅದನ್ನು ಇಸ್ತ್ರಿ ಹೊಡೆದು ಎಲ್ಲ ಏಟನ್ನೂ ಒಂದೇ ಎತ್ತರಕ್ಕೆ ತರುವುದಾದರೆ ಆ ಮನುಷ್ಯನನ್ನು ಕರೆದದ್ದಾದರೂ ಏಕೆ? ಒಳಗಿನ ಮೈಕು ಚೆನ್ನಾಗಿದೆ, ಇದು ಸಾಕು ಎಂದು ಒಬ್ಬರು ಬಾಯಿಬಿಟ್ಟು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಿದವರು ಹೊಣೆ ಹೊರಬೇಕಾಗುತ್ತದೆ ಎಂಬ ಭಯಕ್ಕೆ ಎಲ್ಲರೂ ಒಂದೊಂದು ಟ್ರ್ಯಾಕು ಸೇರಿಸಿ ಮುಂದಿನವರ ತಲೆಗೆ ಕಟ್ಟಿದ್ದಾರೆ. ಇದನ್ನು ತಮಾಷೆ ಮಾಡಿ ಮಾಡಿ ನನಗೂ ಸಾಕಾಗಿದೆ.

ಹೆಡ್ಡನ್ನು ಬಿಗಿ ಮಾಡಲು ಬೆರಳುದ್ದದ ಒಂದು ಡ್ರಮ್ ಕೀ ಇರುತ್ತದೆ. ಮೈಕು ಇಡುವ ಮೊದಲು ಅದನ್ನು ಹಿಡಿದು ಹೆಡ್ಡಿನ ಸುತ್ತ ಒಂದು ಸುತ್ತು ಬಂದಿದ್ದರೆ ಈ ಒಂಬತ್ತರಲ್ಲಿ ಆರು ಟ್ರ್ಯಾಕು ಹುಟ್ಟುತ್ತಲೇ ಇರಲಿಲ್ಲ. ಆದರೆ ಆ ಕೀಗೆ ಅಪ್‌ಡೇಟ್ ಬರುವುದಿಲ್ಲ, ಪ್ರೀಸೆಟ್ಟೂ ಇಲ್ಲ, ಯಾರದೂ ಶಿಫಾರಸೂ ಇಲ್ಲ.