ಬಾಳೆ ಬುಡದಲ್ಲಿ ಸಿಕ್ಕ ನಾಯಕ

“ಮಾಮ, ಇದಕ್ಕೆಷ್ಟು ಸಿಗುತ್ತೆ?”

ಹಳೇ ಸ್ಟ್ಯಾಂಪ್ ಆಲ್ಬಮ್ಮಿನ ಧೂಳು ಒರೆಸುತ್ತಿದ್ದೆ. ತಂಗಿಯ ಮಗ ಬಂದು ಪಕ್ಕದಲ್ಲಿ ಕೂತ. ಇದು ಯಾರು, ಯಾವ ದೇಶ ಅಂತೆಲ್ಲ ಕೇಳಲಿಲ್ಲ. ನೇರ ರೇಟಿಗೇ ಬಂದ. ನನಗೆ ಉರಿದುಹೋಯಿತು. “ಯಾಕೊಬ್ ಫಾನ್ ಆರ್ಟೆವೆಲ್ಡೆ ಕಣೋ. ಗೆಂಟ್ ಊರಿನ ನಾಯಕ” ಅಂದೆ. ಅವನು ಫೋನಿನಲ್ಲಿ ಏನೋ ತಡಕಾಡಿದ. “ಒಂದು ಕಾಫಿಗೂ ಸಾಲಲ್ಲ ಮಾಮ. ಅದೂ ಅಂಚಿನ ಒಂದು ಹಲ್ಲು ಬೇರೆ ಮುರಿದಿದೆ.”

ಹಲ್ಲು ಮುರಿದದ್ದಕ್ಕೆ ಕಥೆಯಿದೆ. ಅದರಿಂದ ನಾನೊಂದು ದೊಡ್ಡ ವಿಷಯ ಕಲಿತೆ. ಆಮೇಲೆ ಹೇಳ್ತೀನಿ.

ಆಗ ಏಳನೇ ಕ್ಲಾಸು. ಗೆಳೆಯನಿಗೆ ಎರಡು ಗಾಂಧಿ, ಒಂದು ಹುಲಿ ಕೊಟ್ಟು ಇವನನ್ನು ತಂದಿದ್ದೆ. ಬೆಲ್ಜಿಯಂನವನು ಅಂತ ತಿಳಿಯಲಿಕ್ಕೇ ವಾರ ಹಿಡಿಯಿತು. ಆ ದೇಶದವರು ತಮ್ಮ ಹೆಸರನ್ನು ಡಚ್ಚಿನಲ್ಲಿ ಒಮ್ಮೆ, ಫ್ರೆಂಚಿನಲ್ಲಿ ಒಮ್ಮೆ ಅಚ್ಚು ಹಾಕುತ್ತಾರೆ. ನಮಗೆ ಬರುವ ಇಂಗ್ಲಿಷ್ ಮಾತ್ರ ಇಲ್ಲ. ಲಕೋಟೆಯ ತುಂಡಿನ ಸಮೇತ ಇದ್ದ. ಕಿತ್ತರೆ ಹರಿಯುತ್ತೆ, ಅಂಟು ತಾನಾಗಿ ಬಿಡಬೇಕು. ರಾತ್ರಿ ಸ್ಟೀಲ್ ಬಟ್ಟಲಲ್ಲಿ ಉಗುರುಬೆಚ್ಚಗಿನ ನೀರು ಹಾಕಿ, ಇನ್ನೊಂದಷ್ಟು ಸ್ಟ್ಯಾಂಪುಗಳ ಜೊತೆ ನೆನೆಸಿ ಮಲಗಿದೆ.

ಬೆಳಿಗ್ಗೆ ಎದ್ದರೆ ಆ ಬಟ್ಟಲಲ್ಲಿ ಚಟ್ನಿ! “ಯಾರೋ ಕಸ ಬಿಟ್ಟಿದ್ರು, ಬಚ್ಚಲಿಗೆ ಚೆಲ್ಲಿದೆ” ಅಂದಳು ಅಮ್ಮ, ದೋಸೆ ಮಗುಚುತ್ತಾ.

ನಮ್ಮ ಬಚ್ಚಲ ನೀರು ಹಿತ್ತಲ ಬಾಳೆ ಬುಡಕ್ಕೆ ಹೋಗುತ್ತಿತ್ತು. ಕೆಸರಲ್ಲಿ ಮಂಡಿಯೂರಿ ಹುಡುಕಿದೆ. ಎಲಿಜಬೆತ್ ರಾಣಿ ಮೂರು ಸಿಕ್ಕಳು. ಹಂಗೇರಿಯ ಚಿಟ್ಟೆ ಹೋಯಿತು, ಅದಕ್ಕೆ ಈಗಲೂ ಹೊಟ್ಟೆ ಉರಿಯುತ್ತೆ. ಅಳು ಬರುವ ಹೊತ್ತಿಗೆ ಅಜ್ಜಿ ಕೋಲು ಚಾಚಿ, “ಅಲ್ಲಿ ಕಂದಿಗೆ ಅಂಟ್ಕೊಂಡಿರೋದು ಏನು ನೋಡು” ಅಂದಳು. ಇವನೇ! ಉಗುರಿಂದ ಎಬ್ಬಿಸುವಾಗ ಹಲ್ಲು ಹೋಯಿತು. ಮುಖ ಹೇಗಿತ್ತೋ ನಾನು ಕಂಡಿಲ್ಲ, ಅಂಚೆ ಮೊಹರು ಸರಿಯಾಗಿ ಮೂತಿ ಮೇಲೇ ಬಿದ್ದಿದೆ.

ಅವನಾದರೂ ಸುಮ್ನೆ ಸ್ಟ್ಯಾಂಪಿಗೆ ಬಂದವನಲ್ಲ. 1336ರಲ್ಲಿ ಇಂಗ್ಲೆಂಡಿನ ದೊರೆ ಮೂರನೇ ಎಡ್ವರ್ಡ್, ಗೆಂಟ್ ಇರುವ ಫ್ಲಾಂಡರ್ಸ್ ಸೀಮೆಗೆ ಉಣ್ಣೆ ಬಂದ್ ಮಾಡಿದ. ಗೆಂಟ್ ಪೂರ್ತಿ ನೇಕಾರರ ಊರು, ಮಗ್ಗ ನಿಂತರೆ ಒಲೆಯೂ ನಿಂತಂತೆ. ಅಲ್ಲಿನ ದೊರೆ ಫ್ರಾನ್ಸಿನ ಕಡೆ ವಾಲಿ ಕೂತಿದ್ದ. 1338ರಲ್ಲಿ ಆರ್ಟೆವೆಲ್ಡೆ ಊರಿನ ಚುಕ್ಕಾಣಿ ಹಿಡಿದು, ಎಡ್ವರ್ಡನ ಜೊತೆ ಮಾತಾಡಿ ಉಣ್ಣೆ ತರಿಸಿದ. ಎಂಟು ವರ್ಷ ಕಳೆಯುವುದರೊಳಗೆ ಅದೇ ಊರಿನ ಜನ ಮನೆಗೆ ನುಗ್ಗಿ ಕೊಂದರು. 1863ರಲ್ಲಿ ಶುಕ್ರವಾರದ ಸಂತೆ ಚೌಕದಲ್ಲಿ ಪ್ರತಿಮೆ ನಿಲ್ಲಿಸಿದರು. ಅದರ ಕೈ ಇಂಗ್ಲೆಂಡಿನ ಕಡೆಗೇ ಚಾಚಿದೆಯಂತೆ. ಇನ್ನೂ ಉಣ್ಣೆ ಬರಬೇಕೇನೋ.

ಅವನು ಬಿಯರ್ ಕಾಯಿಸುವವನು ಅಂತ ನಾನು ಎಷ್ಟೋ ಮದುವೆ ಮನೆಗಳಲ್ಲಿ ಹೇಳಿದ್ದೇನೆ. ಹಳೇ ಬರಹಗಾರರು ಹಾಗೇ ಬರೆದಿದ್ದರು. ಈಗಿನ ಪಂಡಿತರು ಇಲ್ಲಪ್ಪ, ಅವನು ದುಡ್ಡಿದ್ದ ಬಟ್ಟೆ ವ್ಯಾಪಾರಿ ಅನ್ನುತ್ತಾರೆ. ಮೊದಲೇ ಹೇಳಬಾರದಿತ್ತಾ? ನಾನೀಗ ಯಾರ್‍ಯಾರನ್ನು ಹುಡುಕಿಕೊಂಡು ಹೋಗಿ ತಿದ್ದಲಿ?

ಇಷ್ಟನ್ನೂ ತಂಗಿಯ ಮಗನಿಗೆ ಹೇಳಿದೆ. ಫೋನು ಕೆಳಗಿಟ್ಟು ಪೂರ್ತಿ ಕೇಳಿದ. ಪರವಾಗಿಲ್ಲ ಹುಡುಗ, ಅನ್ನಿಸಿತು. ಕಲಿತ ವಿಷಯ ಹೇಳೋಣ ಅಂತ ಬಾಯಿ ತೆರೆದೆ.

“ಮಾಮ, ಅಜ್ಜಿ ಆ ಬಟ್ಟಲು ತೊಳೆದು ಚಟ್ನಿ ಹಾಕಿದ್ರಾ?”

ಇಷ್ಟು ವರ್ಷದಲ್ಲಿ ನನಗೆ ಹೊಳೆದೇ ಇರಲಿಲ್ಲ. ಅವತ್ತು ಆರು ದೋಸೆ ತಿಂದಿದ್ದೆ.