ಹೊರಹೋಗುವ ಮೇಲ್‌ನತ್ತಲೂ ಕಣ್ಣಿರಲಿ

ಕಂಪನಿಗಳ ಮೇಲ್ ಸರ್ವರ್‌ಗೆ ಸ್ಪ್ಯಾಮ್ (ಬೇಡದ ಮೇಲ್) ಕಾಟ ತಪ್ಪಿಸುವ ಕುರಿತ ಲೇಖನವೊಂದನ್ನು ಓದಿದೆ. ಒಳ್ಳೆಯ ಸ್ಪ್ಯಾಮ್ ಫಿಲ್ಟರ್ ಕೂರಿಸಿದರೆ ಸರ್ವರ್ ಸುರಕ್ಷಿತ ಎಂದು ಅದರ ಲೇಖಕರು ಹೇಳಿದ್ದಾರೆ. ಇದು ಅರ್ಧ ಸತ್ಯ. ನಮ್ಮ ಕಂಪನಿಗೆ ಪೆಟ್ಟು ಬಿದ್ದದ್ದು ಒಳಗಿನಿಂದ. ಒಂದು ಸೋಮವಾರ ಬೆಳಿಗ್ಗೆ ನೋಡಿದರೆ, ಹೊರಹೋಗುವ ಸರದಿಯಲ್ಲಿ ಸಾವಿರಾರು ಮೇಲ್‌ಗಳು ನಿಂತಿದ್ದವು. ಕೆಲಸ ಬಿಟ್ಟು ಹೋದವರೊಬ್ಬರ ಖಾತೆಯನ್ನು ಯಾರೂ ಮುಚ್ಚಿರಲಿಲ್ಲ. ಅದರ ಪಾಸ್‌ವರ್ಡ್ ಎಂದೋ ಸೋರಿಹೋಗಿ, ಸ್ಪ್ಯಾಮ್ ಕಳುಹಿಸುವವರ ಕೈ ಸೇರಿತ್ತು. ನಮ್ಮ ಸರ್ವರ್‌ನ ಐಪಿ ವಿಳಾಸ (ಅಂತರ್ಜಾಲದಲ್ಲಿ ಅದರ ಗುರುತಿನ ಸಂಖ್ಯೆ) ಸ್ಪ್ಯಾಮ್ ಕಳುಹಿಸುವವರ ಕಪ್ಪುಪಟ್ಟಿ ಸೇರಿ, ಗ್ರಾಹಕರಿಗೆ ಕಳುಹಿಸಿದ ಬಿಲ್‌ಗಳೂ ವಾಪಸ್ ಬರತೊಡಗಿದವು. ಈಗ ಪ್ರತಿ ಖಾತೆಗೂ ಗಂಟೆಗೆ ಇಷ್ಟೇ ಮೇಲ್ ಎಂಬ ಮಿತಿ ಹಾಕಿದ್ದೇನೆ.

ಗ್ರೇಲಿಸ್ಟಿಂಗ್ ಬಗ್ಗೆ ಲೇಖಕರಿಗಿರುವಷ್ಟು ಉತ್ಸಾಹ ನನಗಿಲ್ಲ. ಅಪರಿಚಿತ ಸರ್ವರ್‌ಗೆ ‘451, ಆಮೇಲೆ ಬನ್ನಿ’ (451 ಎಂದರೆ ತಾತ್ಕಾಲಿಕ ನಿರಾಕರಣೆಯ ಸಂಕೇತ) ಎಂದು ಹೇಳಿ ಕಳುಹಿಸುವ ಈ ಉಪಾಯ ಜಾಣತನದ್ದೇ; ನಿಜವಾದ ಸರ್ವರ್ ಮತ್ತೆ ಬರುತ್ತದೆ, ಸ್ಪ್ಯಾಮ್ ಕಳುಹಿಸುವವರು ಹೆಚ್ಚಾಗಿ ಬರುವುದಿಲ್ಲ. ಆದರೆ ಐದು ನಿಮಿಷದಲ್ಲಿ ಕಾಲಾವಧಿ ಮುಗಿಯುವ ಒಟಿಪಿ ಹತ್ತು ನಿಮಿಷ ತಡವಾಗಿ ಬಂದರೆ ಬೈಗುಳ ತಿನ್ನುವವರು ನಾವು!

ಲೇಖನದಲ್ಲಿ ಬಿಟ್ಟುಹೋದ ಇನ್ನೊಂದು ಸಂಗತಿ: ಇಲ್ಲದ ವಿಳಾಸಕ್ಕೆ ಬಂದ ಮೇಲನ್ನು ಕಳುಹಿಸುವ ಸರ್ವರ್‌ನೊಂದಿಗೆ ಸಂಪರ್ಕ ನಡೆಯುತ್ತಿರುವಾಗಲೇ 550 (ಶಾಶ್ವತ ನಿರಾಕರಣೆಯ ಸಂಕೇತ) ಎಂದು ತಿರಸ್ಕರಿಸಬೇಕು. ಒಮ್ಮೆ ಒಳಗೆ ಬಿಟ್ಟುಕೊಂಡು ಆಮೇಲೆ ಹಿಂದಿರುಗಿಸಿದರೆ ಅದು ಹೋಗುವುದು ಸ್ಪ್ಯಾಮ್ ಕಳುಹಿಸಿದವನಿಗಲ್ಲ, ಯಾರ ವಿಳಾಸವನ್ನು ಅವನು ಕದ್ದಿದ್ದನೋ ಆ ಅಮಾಯಕರಿಗೆ.

ಮೇಲ್ ನಿಜವಾಗಿಯೂ ಹೆಸರು ಹೇಳಿದವರಿಂದಲೇ ಬಂದಿದೆಯೇ ಎಂದು ಪರೀಕ್ಷಿಸಲು ನೆರವಾಗುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರೂ ಬೇಕು, ಸರಿ. ಜಿಮೇಲ್ ಖಾತೆಗಳಿಗೆ ದಿನಕ್ಕೆ 5000ಕ್ಕೂ ಹೆಚ್ಚು ಮೇಲ್ ಕಳುಹಿಸುವವರಿಗೆ ಜಿಮೇಲ್ 2024ರ ಫೆಬ್ರುವರಿಯಿಂದ ಇವನ್ನು ಕಡ್ಡಾಯ ಮಾಡಿದೆ. ಎಸ್‌ಪಿಎಫ್ ದಾಖಲೆಗೆ (ನಮ್ಮ ಹೆಸರಿನಲ್ಲಿ ಮೇಲ್ ಕಳುಹಿಸಬಲ್ಲ ಸರ್ವರ್‌ಗಳ ಪಟ್ಟಿಗೆ) ಹೊಸ ಸೇವೆಗಳನ್ನು ಸೇರಿಸುತ್ತಾ ಹೋಗುವವರು ಮಾತ್ರ, ಅದನ್ನು ಪರೀಕ್ಷಿಸುವಾಗ ಡಿಎನ್‌ಎಸ್‌ನಲ್ಲಿ (ಅಂತರ್ಜಾಲದ ವಿಳಾಸ ಪುಸ್ತಕದಲ್ಲಿ) ಹತ್ತು ಹುಡುಕಾಟ ಮೀರಿದರೆ ಇಡೀ ಪರೀಕ್ಷೆಯೇ ವಿಫಲವಾಗುತ್ತದೆ ಎಂಬುದನ್ನು ಮರೆಯುತ್ತಾರೆ. ನಾನೂ ಒಮ್ಮೆ ಮರೆತಿದ್ದೆ.