ಮಾರ್ಕೆಟ್‌ನಲ್ಲಿ ಕೊಂಡು ತಿನ್ನೋಕೆ ನಾಚಿಕೆ ಯಾಕೆ?

ಇವತ್ತು ಬೆಳಿಗ್ಗೆ ನಮ್ಮ ದಾವಣಗೆರೆಯ ಪಿ.ಬಿ. ರೋಡಿನಲ್ಲಿ ಕಂಡದ್ದು ಮನಸ್ಸಿನಿಂದ ಹೋಗ್ತಾನೇ ಇಲ್ಲ. ಅದಕ್ಕೇ ಬರೀತಾ ಇದ್ದೀನಿ.

ಬೆಣ್ಣೆ ದೋಸೆ ಹೋಟೆಲ್ ಮುಂದೆ ಒಂದು ಕುಟುಂಬ ನಿಂತಿತ್ತು. ಗಂಡ, ಹೆಂಡತಿ, ಮೂರು ಮಕ್ಕಳು, ಎರಡು ದೊಡ್ಡ ಬ್ಯಾಗು. ರೈಲಿಳಿದು ಸೀದಾ ಬಂದ ಹಾಗಿತ್ತು. ಅಪ್ಪ ಒಳಗೆ ಹೋಗಿ ರೇಟು ಕೇಳಿಕೊಂಡು ಬಂದು ಹೆಂಡತಿ ಕಿವಿಯಲ್ಲಿ ಏನೋ ಹೇಳಿದರು. ಐದು ಜನಕ್ಕೆ ಮೂರು ದೋಸೆ ಬಂತು. ದೊಡ್ಡ ಹುಡುಗಿಗೆ ಹನ್ನೆರಡು ವರ್ಷ ಇರಬಹುದು. "ನಂಗೆ ಹಸಿವಿಲ್ಲಪ್ಪ" ಅಂದಳು. ಆದರೆ ತಮ್ಮನ ತಟ್ಟೆಯಲ್ಲಿದ್ದ ಆಲೂ ಪಲ್ಯದ ಮೇಲಿಂದ ಅವಳ ಕಣ್ಣು ಕದಲಲಿಲ್ಲ.

ಅಲ್ಲಿಂದ ಸ್ವಲ್ಪ ದೂರ ನಡೆದರೆ ಮಾರ್ಕೆಟ್. ಒಂದು ಕೆಜಿ ಬಾಳೆಹಣ್ಣು, ನಾಲ್ಕು ಸೌತೆಕಾಯಿ, ಒಂದು ಚೀಲ ಮಂಡಕ್ಕಿ, ಒಂದಿಷ್ಟು ಹುರಿಗಡಲೆ, ಒಂದು ಪಾಕೆಟ್ ಮೊಸರು. ಐದೂ ಜನರ ಹೊಟ್ಟೆ ತುಂಬುತ್ತಿತ್ತು. ಆಮೇಲೆ ಬೇಕಾದರೆ ಎರಡು ದೋಸೆ ತಗೊಂಡು ಎಲ್ಲರೂ ರುಚಿ ನೋಡಬಹುದಿತ್ತು. ಹೇಳೋಣ ಅಂತ ಎರಡು ಹೆಜ್ಜೆ ಮುಂದೆ ಹೋದೆ. ಮಕ್ಕಳ ಮುಂದೆ ಆ ಮನುಷ್ಯನಿಗೆ ಅವಮಾನ ಆದರೆ ಅಂತ ಅಲ್ಲೇ ನಿಂತೆ.

ಅವಮಾನ! ಮಾರ್ಕೆಟ್‌ನಲ್ಲಿ ಹಣ್ಣು ಕೊಂಡು ತಿನ್ನೋದು ಅವಮಾನ ಆಗಿದ್ದು ಯಾವಾಗಿಂದ?

ನಾಯಕನಹಟ್ಟಿ ಜಾತ್ರೆಗೆ ಹೋಗ್ತೀವಿ. ಸಾವಿರಾರು ಜನರ ನಡುವೆ ಮರದ ಕೆಳಗೆ ಟವಲ್ ಹಾಸಿ ಬುತ್ತಿ ಬಿಚ್ತೀವಿ. ಪಕ್ಕದವರಿಗೆ ಎರಡು ರೊಟ್ಟಿ ಕೊಟ್ಟು ಅವರ ಚಟ್ನಿಪುಡಿ ಇಸ್ಕೊಂಡು ತಿಂತೀವಿ. ಅಲ್ಲಿ ಯಾರಿಗೂ ನಾಚಿಕೆ ಇಲ್ಲ. ಅದೇ ನಾವು ಬೆಂಗಳೂರಿಗೋ ಮೈಸೂರಿಗೋ ಹೋದರೆ ಬಾಳೆಹಣ್ಣು ಸುಲಿಯೋಕೂ ಅತ್ತ ಇತ್ತ ನೋಡ್ತೀವಿ. ಟ್ರಿಪ್ ಅಂದರೆ ಮೂರೂ ಹೊತ್ತು ಹೋಟೆಲ್ ಅಂತ ಯಾರು ಹೇಳಿಕೊಟ್ಟರೋ ಗೊತ್ತಿಲ್ಲ.

ನಾನೂ ಹೀಗೇ ಇದ್ದೆ. ಎರಡು ವರ್ಷದ ಹಿಂದೆ ಮೈಸೂರಿಗೆ ಹೋಗಿದ್ದು ನಿಮಗೆ ಗೊತ್ತಲ್ಲ, ಫೋಟೋ ಎಲ್ಲ ಹಾಕಿದ್ದೆ. ಹಾಕದೇ ಇದ್ದ ಒಂದು ವಿಷಯ ಇದೆ. ಅಮ್ಮ ನಲವತ್ತು ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಟ್ಟಿದ್ದರು. ಲಾಡ್ಜ್ ರೂಮಿನಲ್ಲಿ ಅದನ್ನ ಬಿಚ್ಚೋಕೆ ನನಗೇ ಮನಸ್ಸು ಬರಲಿಲ್ಲ. ಮೂರು ದಿನ ನಾಲ್ಕು ಜನ ಹೋಟೆಲ್‌ನಲ್ಲೇ ತಿಂದೆವು. ರೂಮಿಗೆ ಎರಡು ರಾತ್ರಿಗೆ 2,800 ರೂಪಾಯಿ, ಊಟ ತಿಂಡಿಗೆ 4,600! ರೊಟ್ಟಿ ಗಂಟು ಹೋದ ಹಾಗೇ ದಾವಣಗೆರೆಗೆ ವಾಪಸ್ ಬಂತು. ಅಮ್ಮ ಒಂದು ಮಾತೂ ಆಡಲಿಲ್ಲ. ಗಂಟು ಬಿಚ್ಚಿ, ಮುರಿದ ಚೂರನ್ನೆಲ್ಲ ಒಂದು ಕಡೆ ಮಾಡಿ, ನಾಲ್ಕು ದಿನ ಸಾರಿಗೆ ಅದ್ದಿಕೊಂಡು ತಾವೇ ತಿಂದರು. ಅದನ್ನ ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತೆ.

ಹೋದ ಫೆಬ್ರವರಿಯಲ್ಲಿ ವಿಜಯಪುರಕ್ಕೆ ಹೋದಾಗ ಹಟ ಹಿಡಿದು ಬದಲಾಯಿಸಿದೆ. ಬ್ಯಾಗಿನಲ್ಲಿ ಒಂದು ಚಾಕು, ಸ್ಟೀಲ್ ಡಬ್ಬಿ, ನಾಲ್ಕು ತಟ್ಟೆ, ರೊಟ್ಟಿ ಗಂಟು. ಊರು ಮುಟ್ಟಿದ ತಕ್ಷಣ ಕೇಳಿದ್ದು ಮಾರ್ಕೆಟ್ ಎಲ್ಲಿ ಅಂತ. ದ್ರಾಕ್ಷಿ ಸೀಜನ್ನು, ಅದೂ ವಿಜಯಪುರ, ಕೇಳಬೇಕಾ! ಬೆಳಿಗ್ಗೆ ರೊಟ್ಟಿ, ಮೊಸರು, ಹಸಿ ಈರುಳ್ಳಿ, ಸೌತೆಕಾಯಿ. ರಾತ್ರಿ ಮಂಡಕ್ಕಿಗೆ ಟೊಮ್ಯಾಟೊ ಈರುಳ್ಳಿ ಹೆಚ್ಚಿ ಹಾಕಿ, ನಿಂಬೆಹಣ್ಣು ಹಿಂಡಿ, ಚಟ್ನಿಪುಡಿ ಕಲಸಿದ್ದು. ಮಗಳು ನೆಲಕ್ಕೆ ಪೇಪರ್ ಹಾಸಿ ಎಲ್ಲರಿಗೂ ತಾನೇ ಬಡಿಸಿದಳು. ಮಧ್ಯಾಹ್ನ ಮಾತ್ರ ಖಾನಾವಳಿ. ಮೂರು ದಿನದ ಊಟ ತಿಂಡಿಗೆ ಎಲ್ಲ ಸೇರಿ 1,900 ರೂಪಾಯಿ ದಾಟಲಿಲ್ಲ. ಯಾರ ಹೊಟ್ಟೆಯೂ ಕೆಡಲಿಲ್ಲ.

"ಅಷ್ಟು ದೂರ ಹೋಗಿ ಆ ಊರಿನ ರುಚಿ ನೋಡಬೇಡ್ವಾ?" ಅಂತ ಗೆಳೆಯರೊಬ್ಬರು ಕೇಳಿದರು. ನೋಡಬೇಕು. ಖಾನಾವಳಿಯಲ್ಲಿ ಎಣ್ಣೆಗಾಯಿ ತಿಂದದ್ದು ಅದಕ್ಕೇ. ದಾವಣಗೆರೆಗೆ ಬಂದವರು ಬೆಣ್ಣೆ ದೋಸೆ ತಿನ್ನದೆ ಹೋದರೆ ನನಗೇ ಬೇಜಾರು. ಆದರೆ ದಿನಕ್ಕೆ ಒಂದು ಹೊತ್ತು ಸಾಕಲ್ವಾ? ಉಳಿದ ಎರಡು ಹೊತ್ತು ಎಲ್ಲ ಊರಲ್ಲೂ ಸಿಗೋ ಅದೇ ಗೋಬಿ, ಅದೇ ಫ್ರೈಡ್ ರೈಸ್ ತಿಂತೀವಿ. ಅದರಲ್ಲಿ ಯಾವ ಊರಿನ ರುಚಿ ಇದೆ? ವಿಜಯಪುರದ ದ್ರಾಕ್ಷಿ ವಿಜಯಪುರದ ರುಚಿ ಅಲ್ವಾ?

ಇನ್ನು ಲೆಕ್ಕ. ಅಂಗಡಿಯವರು ಪಾಕೆಟ್ ಮೇಲಿನ ಎಂಆರ್‌ಪಿಗಿಂತ ಜಾಸ್ತಿ ತಗೊಳ್ಳೋ ಹಾಗಿಲ್ಲ. ಹೋಟೆಲ್‌ನಲ್ಲಿ ಕೂತು ಕುಡಿದರೆ ಅದೇ ನೀರಿನ ಬಾಟಲಿಗೆ ಜಾಸ್ತಿ ಹಾಕಬಹುದು, 2017ರಲ್ಲಿ ಸುಪ್ರೀಂ ಕೋರ್ಟೇ ಒಪ್ಪಿದೆ. ಜೊತೆಗೆ ಎಷ್ಟೋ ಹೋಟೆಲ್‌ಗಳಲ್ಲಿ ಬಿಲ್ ಮೇಲೆ 5 ಪರ್ಸೆಂಟ್ ಜಿಎಸ್‌ಟಿ. ಬಾಳೆಹಣ್ಣಿಗೆ, ಬಿಡಿ ಮಂಡಕ್ಕಿಗೆ ಜಿಎಸ್‌ಟಿ ಇಲ್ಲ. ಬಿಸಿ ಊಟವೇ ಬೇಕು ಅಂದರೆ ಇಂದಿರಾ ಕ್ಯಾಂಟೀನ್ ಇದೆ, ತಿಂಡಿಗೆ 5 ರೂಪಾಯಿ, ಊಟಕ್ಕೆ 10. ಅಲ್ಲಿ ತಟ್ಟೆ ಹಿಡಿದು ನಿಲ್ಲೋಕೂ ನಮ್ಮವರಿಗೆ ನಾಚಿಕೆ. ಯಾರಾದರೂ ನೋಡಿದರೆ ಅಂತೆ. ಗೊತ್ತಿಲ್ಲದ ಊರಲ್ಲಿ ನಮ್ಮನ್ನ ನೋಡೋರು ಯಾರು?

ಒಂದು ಲಾಡ್ಜ್‌ನಲ್ಲಿ ಹೊರಗಿನ ಊಟ ರೂಮಿಗೆ ತರಬೇಡಿ ಅಂದರು. ಸಿಟ್ಟು ಬಂತು. ಈಗ ರೂಮ್ ಹಿಡಿಯೋ ಮೊದಲೇ ಕೇಳ್ತೀನಿ. ತಿಂದ ಮೇಲೆ ಸಿಪ್ಪೆ, ಪೇಪರ್ ಎಲ್ಲ ಕಟ್ಟಿ ಕಸದ ಬುಟ್ಟಿಗೆ ಹಾಕಿ ಬರ್ತೀನಿ. ಕೋಣೆ ಗಲೀಜು ಮಾಡಿ ಬರೋರಿಂದಲೇ ಈ ನಿಯಮ ಬಂದಿರೋದು, ಅದೂ ನಿಜ.

ಆ ಹುಡುಗಿ ದೋಸೆ ತಿಂದಳೋ ಇಲ್ಲವೋ ಗೊತ್ತಾಗಲಿಲ್ಲ. ನಾನು ತರಕಾರಿ ಚೀಲ ಹಿಡಿದು ತಿರುಗಿ ಬರೋ ಹೊತ್ತಿಗೆ ಅವರು ಹೋಗಿಬಿಟ್ಟಿದ್ದರು. ನನ್ನ ಚೀಲದಲ್ಲಿ ಒಂದು ಚಿಪ್ಪು ಬಾಳೆಹಣ್ಣಿತ್ತು.

ಮುಂದಿನ ತಿಂಗಳು ನಾವು ಬೆಳಗಾವಿಗೆ ಹೋಗ್ತಾ ಇದ್ದೀವಿ. ಈ ಸಲ ಅಮ್ಮನೂ ಬರ್ತಾರೆ. ಅಲ್ಲಿ ಬಸ್ ಸ್ಟ್ಯಾಂಡಿಗೆ ಹತ್ತಿರ ತರಕಾರಿ, ಹಣ್ಣು ಎಲ್ಲಿ ಚೆನ್ನಾಗಿ ಸಿಗುತ್ತೆ, ಬೆಳಿಗ್ಗೆ ಎಷ್ಟು ಗಂಟೆಗೆ ತೆಗೀತಾರೆ, ಗೊತ್ತಿರೋರು ಕೆಳಗೆ ಬರೆಯಿರಿ.